ಒಳಗಿನ ಮಂದಿಗೆ ಬಡಿಸುವ ನಮ್ಮ ಮಾವ

ನಮ್ಮ ಸೋದರಮಾವ ಯಾರ ಮುಖವನ್ನೂ ನೋಡುವುದಿಲ್ಲ. ಹಾಗಂತ ಅವರಿಗೆ ಸೊಕ್ಕು ಎಂದು ತಿಳಿಯಬೇಡಿ. ಅವರ ಕಣ್ಣು ನೇರವಾಗಿ ಎದುರಿಗಿದ್ದವರ ಹೊಟ್ಟೆಯ ಮೇಲೆ ಹೋಗಿ ನಿಲ್ಲುತ್ತದೆ, ಅಷ್ಟೇ! ಲೋಕದ ಜನ "ಆರಾಮಿದ್ದೀರಾ?" ಎಂದು ಕೇಳುವ ಜಾಗದಲ್ಲಿ ಅವರು ಕೇಳುವುದು, "ಹೊರಕಡೆ ಸಲೀಸಾಗಿ ಆಗ್ತೈತಾ?" ಎಂದು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಎಲ್ಲರೂ ಹುಡುಗನ ನೌಕರಿ, ಹೊಲ, ಮನೆ ವಿಚಾರಿಸಿದರೆ, ಇವರು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೇ ಈ ಪ್ರಶ್ನೆ ಹಾಕಿದರು. ಹುಡುಗ ಪಾಪ, ನೆಲ ನೋಡುತ್ತಾ "ಹೂಂ" ಅಂದರು. "ಮತ್ತೇನ್ ನೋಡ್ತೀರಿ, ಗಟ್ಟಿ ಮಾಡ್ರಿ ಸಂಬಂಧನ!" ಅಂದುಬಿಟ್ಟರು ಮಾವ. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಜಾತಕ ನೋಡಿದ್ದು ಆಮೇಲೆ.

ಅವರದೇನೂ ತಪ್ಪಿಲ್ಲ ಬಿಡಿ. ಅವರು ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಎಮ್ಮೆ ಬಾಯಿಬಿಟ್ಟು "ನಂಗೆ ಹಿಂಗಾಗೈತೆ" ಎಂದು ಹೇಳುತ್ತದೆಯೇ? ಸಗಣಿ ನೋಡಬೇಕು, ಹೊಟ್ಟೆಗೆ ಕಿವಿ ಆನಿಸಬೇಕು, ಮೆಲುಕು ಹಾಕುತ್ತಿದೆಯೋ ಇಲ್ಲವೋ ಎಂದು ಕಾಯಬೇಕು. ಸರ್ವೀಸು ಪೂರ್ತಿ ಅದನ್ನೇ ಮಾಡಿ ನಿವೃತ್ತಿಯಾಗಿ ನ್ಯಾಮತಿಯಲ್ಲಿ ಮನೆ ಮಾಡಿಕೊಂಡರು. ದನಗಳು ಬಚಾವಾದವು. ನಾವು ಸಿಕ್ಕಿಹಾಕಿಕೊಂಡೆವು.

ಆ ಹೊತ್ತಿಗೆ ಸರಿಯಾಗಿ ಅವರ ಮಗಳು ಒಂದು ಸ್ಮಾರ್ಟ್‌ಫೋನು ಕೊಡಿಸಿದಳು. ಅಲ್ಲಿಗೆ ಮುಗಿಯಿತು ನಮ್ಮ ಕತೆ! ಬೇರೆ ಮುದುಕರು ಫೋನಿನಲ್ಲಿ ಧಾರಾವಾಹಿ ನೋಡುತ್ತಾರೆ, ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾರೆ. ನಮ್ಮ ಮಾವನಿಗೆ ಸಿಕ್ಕಿದ್ದು ಕರುಳಿನ ಸೂಕ್ಷ್ಮಜೀವಿಗಳು. ನಾವು ತಿನ್ನುವ ಅನ್ನಕ್ಕೂ, ನಮ್ಮ ಹೊಟ್ಟೆಯಲ್ಲಿ ಸಂಸಾರ ಹೂಡಿರುವ ಕೋಟ್ಯಂತರ ಜೀವಿಗಳಿಗೂ ಇರುವ ನಂಟಿನ ಬಗ್ಗೆ ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಏನು ಸಂಶೋಧನೆ ಮಾಡಿದರೂ ಸರಿ, ಅದು ನ್ಯಾಮತಿಗೆ ಬಂದು ವರದಿ ಒಪ್ಪಿಸಲೇಬೇಕು. ಇಂಗ್ಲಿಷ್ ಕಷ್ಟವಾದರೆ ಫೋನೇ ಕನ್ನಡ ಮಾಡಿಕೊಡುತ್ತದಲ್ಲ! ಆ ಜೀವಿಗಳಿಗೆ ಮಾವ ಇಟ್ಟಿರುವ ಹೆಸರು "ಒಳಗಿನ ಮಂದಿ". "ಉಣ್ಣೋರು ನಾವಲ್ಲ ಕಣವ್ವ. ಉಣ್ಣೋರು ಒಳಗಿನ ಮಂದಿ. ನಾವು ಬರೀ ಬಡಿಸೋರು" ಎನ್ನುವುದು ಅವರ ಸಿದ್ಧಾಂತ.

ನನ್ನದು ಹೊನ್ನಾಳಿ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಕಾರ್ಡು, ಹಾಲ್ ಟಿಕೆಟ್ಟು ಎಂದು ಜನ ಸಾಲುಗಟ್ಟಿ ನಿಂತಿರುವಾಗ ಮಾವ ಬಸ್ಸಿಳಿದು ನುಗ್ಗಿ, "ಮೊದಲು ಇದೊಂದು ಪ್ರಿಂಟ್ ತೆಗಿ, ಅರ್ಜೆಂಟ್ ಐತೆ" ಎಂದು ಫೋನು ಚಾಚುತ್ತಾರೆ. ಏನು ಅರ್ಜೆಂಟು? ಇಲಿಗಳಿಗೆ ನಾರು ತಿನ್ನಿಸಿದರೆ ಅವುಗಳ ಲದ್ದಿ ಏನಾಯಿತು ಎಂಬ ವಿಚಾರ! ಪ್ರಿಂಟ್ ಬಿಸಿ ಆರುವ ಮುಂಚೆ ಮಡಚಿ ಜೇಬಿಗಿಟ್ಟುಕೊಂಡು ಮುಂದಿನ ಬಸ್ಸು ಹತ್ತಿಬಿಡುತ್ತಾರೆ. ಕುರ್ಚಿ ಕೊಟ್ಟರೆ ಕೂರುವುದಿಲ್ಲ. "ಕುಂತ್ರೆ ಕರುಳು ಮಡಚ್ಕಂತೈತೆ" ಎನ್ನುತ್ತಾರೆ. ಚಹಾ ನಿಂತು, ಊಟ ನಿಂತು, ಕಿವಿಮಾತು ನಿಂತು. ನನ್ನ ಬುದ್ಧಿ ಬಲಿತ ಮೇಲೆ ಆ ಮನುಷ್ಯ ನೆಟ್ಟಗೆ ಕೂತದ್ದನ್ನು ನಾನು ನೋಡಿರಲಿಲ್ಲ, ಮೊನ್ನೆ ಮೊನ್ನೆಯವರೆಗೆ.

ಮೊನ್ನೆ ಎಂದರೆ ನಮ್ಮ ಅವ್ವ ಊಟ ಬಿಟ್ಟಾಗ. ಅವ್ವ ಅಂದರೆ ಮಾವನ ಅಕ್ಕ. ನನ್ನ ಜೊತೆಗೇ ಇರುತ್ತಾಳೆ. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿ ದಾವಣಗೆರೆಯ ಆಸ್ಪತ್ರೆಯಲ್ಲಿದ್ದು ಬಂದಳು. ಸೂಜಿ, ಮಾತ್ರೆ ಎಲ್ಲಾ ಸೇರಿ ಜ್ವರವನ್ನೇನೋ ಓಡಿಸಿದವು. ಜೊತೆಗೆ ಅವಳ ನಾಲಗೆಯ ರುಚಿಯನ್ನೂ ಹೊಟ್ಟೆಯ ಹಸಿವನ್ನೂ ಕರೆದುಕೊಂಡೇ ಹೋದವು. ಮುದ್ದೆ ಇಟ್ಟರೆ "ಮಣ್ಣು", ಗಂಜಿ ಇಟ್ಟರೆ "ಮಣ್ಣು ಕಲಸಿದ ನೀರು". ತಟ್ಟೆ ತಳ್ಳಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಇದು ಮಾವನ ಜೀವಮಾನದ ದೊಡ್ಡ ಕೇಸು. ಆದರೆ ಈ ಕೇಸು ಅವರ ಕೈಯಲ್ಲಿ ಏನಾಯಿತು ಎಂದು ಹೇಳುವ ಮೊದಲು, ಅವರ ವೈದ್ಯಕ್ಕೆ ಸಿಕ್ಕಿ ಬದುಕಿ ಉಳಿದ ನಮ್ಮ ಪಾಡು ಒಂಚೂರು ಕೇಳಿಬಿಡಿ.

ಸಂಶೋಧನೆಗೂ ಮಳೆಯ ಹಾಗೆ ಋತುಗಳಿವೆ ಎಂದು ನನಗೆ ಗೊತ್ತಾದದ್ದು ಮಾವನಿಂದಲೇ. ಮೊದಲು ನಾರಿನ ಕಾಲ ಬಂತು. ಒಳಗಿನ ಮಂದಿಗೆ ನಾರೇ ಅನ್ನ ಎಂದು ಯಾರೋ ಎಲ್ಲೋ ಬರೆದರು, ಚನ್ನಗಿರಿಯಲ್ಲಿರುವ ನನ್ನ ಅಕ್ಕನ ಮನೆಗೆ ಬಾಳೆದಿಂಡು ಬಂದು ಬಿತ್ತು. ಒಂದೆರಡಲ್ಲ, ಬಸ್ಸಿನ ಟಾಪಿನ ಮೇಲೆ ಹೇರಿ ತಂದಿದ್ದರು! ದಿಂಡಿನ ಪಲ್ಯ, ದಿಂಡಿನ ಮಜ್ಜಿಗೆಹುಳಿ, ದಿಂಡಿನ ದೋಸೆ. ಅಕ್ಕನ ಅತ್ತೆ ಬಾಯಿಂದ ನಾರು ಎಳೆದೂ ಎಳೆದೂ ಸುಸ್ತಾಗಿ, "ಬೀಗರೇ, ಇದನ್ನ ಹಿಂಗೇ ಹೊಸೆದ್ರೆ ಎತ್ತಿಗೆ ಹಗ್ಗ ಆಗ್ತೈತೆ ನೋಡ್ರಿ" ಅಂದರು. ಮಾವನಿಗೆ ಅದು ಬೈಗುಳ ಅನಿಸಲೇ ಇಲ್ಲ. "ಹೌದ್ರೀ, ಅಷ್ಟು ಗಟ್ಟಿ ಐತೆ!" ಎಂದು ಹಿಗ್ಗಿದರು.

ನಾರಿನ ಕಾಲ ಮುಗಿದು ಹುಳಿಯ ಕಾಲ ಬಂತು. ಹುದುಗಿದ ಪದಾರ್ಥ ತಿಂದರೆ ಒಳಗೆ ಹೊಸ ಮಂದಿ ಬಂದು ನೆಲೆಸುತ್ತಾರಂತೆ. ಜಗಳೂರಿನಲ್ಲಿರುವ ಮಗಳ ಮನೆಗೆ ಹೊರಟ ಮಾವ ರಾಗಿ ಅಂಬಲಿಯನ್ನು ಸೋಡಾ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಳ ತಿರುವಿ, ಚೀಲದಲ್ಲಿಟ್ಟುಕೊಂಡು ದಾವಣಗೆರೆಯಲ್ಲಿ ಬಸ್ಸು ಹತ್ತಿದರು. ಬೇಸಿಗೆ. ಜಗಳೂರಿನ ರಸ್ತೆಯ ಬಿಸಿಲು ಕೇಳಬೇಕೇ? ಅರ್ಧ ದಾರಿಯಲ್ಲಿ ಢಮಾರ್! ಡ್ರೈವರು ಟಯರು ಹೋಯಿತೆಂದು ಬಸ್ಸು ಪಕ್ಕಕ್ಕೆ ಹಾಕಿ ಇಳಿದು ಗಾಲಿ ಒದ್ದು ನೋಡಿದ. ಗಾಲಿಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಮೇಲೆ ಬಂದು ನೋಡಿದರೆ ಮುಂದಿನ ಸೀಟಿನ ಹೆಂಗಸಿನ ತಲೆ, ಸೀರೆ, ಮಡಿಲಲ್ಲಿದ್ದ ಬಾಳೆಹಣ್ಣಿನ ಸಮೇತ ಎಲ್ಲಾ ಅಂಬಲಿಮಯ, ಬಸ್ಸಿನ ತುಂಬಾ ಹುಳಿ ನಾತ. ಕಂಡಕ್ಟರು ಕೂಗಿದ: "ಯಾವನ್ರೀ ಬಸ್ನಾಗೆ ಹೆಂಡ ತಂದಿರಾನು?" ನಮ್ಮ ಮಾವ ಎದ್ದು ನಿಂತರು. ಕ್ಷಮಿಸಿ, ಅವರು ಮೊದಲೇ ನಿಂತಿದ್ದರು. "ಹೆಂಡ ಅಲ್ಲ ಸ್ವಾಮಿ. ಒಳಗಿನ ಮಂದಿ, ಹೊರಗೆ ಬಂದವ್ರೆ" ಅಂದರು. ಜಗಳೂರು ಮುಟ್ಟಲು ಅವರು ಇನ್ನೊಂದು ಬಸ್ಸು ಹಿಡಿಯಬೇಕಾಯಿತು.

ಅದಾದ ಮೇಲೆ ಬಗೆಬಗೆಯ ಸೊಪ್ಪುಕಾಯಿ ತಿನ್ನಬೇಕೆಂಬ ಕಾಲ. ಬಸವಾಪಟ್ಟಣದ ಒಂದು ಮದುವೆಯಲ್ಲಿ ಎಲ್ಲರೂ ಉಣ್ಣುತ್ತಿದ್ದರೆ ಇವರು ಪಂಕ್ತಿಯ ನಡುವೆ ಓಡಾಡುತ್ತಾ, ಜನ ಎಲೆಯ ಅಂಚಿಗೆ ಎತ್ತಿಟ್ಟ ಕರಿಬೇವನ್ನು ತೋರಿಸಿ, "ಅದನ್ನೂ ತಿನ್ರಿ, ಅದೊಂದು ಬಗೆ ಲೆಕ್ಕಕ್ಕೆ ಬರ್ತೈತೆ" ಎಂದು ಉಪದೇಶ ಮಾಡಿದರು. ಗಂಡಿನ ಕಡೆಯ ಹಿರಿಯರೊಬ್ಬರು ಹೆದರಿ ಏಲಕ್ಕಿ ಸಿಪ್ಪೆಯನ್ನೂ ನುಂಗಿಬಿಟ್ಟರು! ಹೆಣ್ಣಿನ ಅಪ್ಪ ನನ್ನ ಹತ್ತಿರ ಬಂದು, "ತಂಗೀ, ನಿಮ್ ಮಾವನ್ನ ನಾವು ಊಟಕ್ಕೆ ಕರೆದಿದ್ವಿ. ಇನ್ಸ್‌ಪೆಕ್ಷನ್ಗಲ್ಲ" ಅಂದರು. ನಾನೇನು ಮಾಡಲಿ, ನೀವೇ ಹೇಳಿ?

ನನ್ನ ಮನೆಯವರಿಗೆ ತಾಳ್ಮೆ ಜಾಸ್ತಿ. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಒಂದು ದಿನ ಮಾವ ತಂದ ಪ್ರಿಂಟೊಂದನ್ನು ಕೊನೆಯತನಕ ಓದಿ, "ಮಾವ, ಇದನ್ನ ಮಾಡಿರೋದು ಇಲಿ ಮ್ಯಾಲೆ. ನಮ್ ಅಟ್ಟದಾಗಿರೋ ಇಲಿಗೆ ಹೇಳೋಣ ಬಿಡ್ರಿ, ನಮಗ್ಯಾಕೆ?" ಅಂದರು. "ಕೊನೇ ಸಾಲು ಓದ್ರಿ ಮೇಷ್ಟ್ರೇ" ಅಂದರು ಮಾವ. ಕೊನೆಯ ಸಾಲಿನಲ್ಲಿ ಏನಿತ್ತು? 'ಈ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯವಿದೆ' ಎಂದಿತ್ತು. ಅವರು ತರುವ ಎಲ್ಲ ಪ್ರಿಂಟುಗಳೂ ಮುಗಿಯುವುದು ಅದೇ ಸಾಲಿನಿಂದ. ಮಾವನಿಗೆ ಅದು ಬಲು ಇಷ್ಟದ ಸಾಲು. "ನೋಡ್ರಿ, ಇನ್ನೂ ಬೇಕಂತೆ! ಅಂದ್ರೆ ಮುಗಿದಿಲ್ಲ. ನಾಳೆ ಇನ್ನೊಂದು ಬರ್ತೈತೆ" ಎಂದು ಹಬ್ಬಕ್ಕೆ ಕಾಯುವ ಮಕ್ಕಳಂತೆ ಕಣ್ಣರಳಿಸುತ್ತಿದ್ದರು.

ಇಂಥ ಮನುಷ್ಯನಿಗೆ ಅವ್ವ ಊಟ ಬಿಟ್ಟ ಸುದ್ದಿ ತಲುಪಿದರೆ ಸುಮ್ಮನಿರುತ್ತಾರೆಯೇ? ಮುಂದಿನ ಬಸ್ಸಿಗೇ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಅಕ್ಕ, ಹೊರಕಡೆ..."

"ಒಳಕಡೆ ಹೋದ್ರೆ ತಾನೇ ಹೊರಕಡೆ ಬರೋದು? ಹೋಗೋ ಅತ್ಲಾಗೆ!" ಅಂದಳು ಅವ್ವ, ಗೋಡೆಯ ಕಡೆ ತಿರುಗಿಕೊಂಡೇ.

ಮಾವ ಅವಳ ಮಂಚದ ಸುತ್ತ ಎರಡು ಸುತ್ತು ಬಂದರು. ದನದ ಕೊಟ್ಟಿಗೆಯಲ್ಲಿ ಹೀಗೇ ಸುತ್ತುತ್ತಿದ್ದರೇನೋ. ಆಮೇಲೆ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದರು. "ಜ್ವರದ ಔಷಧಿ ಒಳ್ಳೇದೇ ಕಣವ್ವ, ಅದು ಇಲ್ದಿದ್ರೆ ಅಕ್ಕ ಉಳೀತಿರ್ಲಿಲ್ಲ. ಆದ್ರೆ ಅದಕ್ಕೆ ಕಳ್ಳ ಯಾರು, ಮನಿಯೋರು ಯಾರು ಗೊತ್ತಾಗಲ್ಲ. ಎಲ್ರನ್ನೂ ಹೊಡೆದು ಹಾಕೈತೆ. ಒಳಗೆ ಊರೇ ಖಾಲಿ. ಮತ್ತೆ ಮಂದಿ ತುಂಬಬೇಕು."

ತುಂಬಲು ಶುರು ಮಾಡಿದರು ನೋಡಿ! ಹೆಪ್ಪು ತರುತ್ತೇನೆಂದು ಚನ್ನಗಿರಿಗೆ ಓಡಿದರು. ಯಾಕೆ, ಹೊನ್ನಾಳಿಯಲ್ಲಿ ಮೊಸರಿಲ್ಲವೇ? "ಬ್ಯಾರೆ ಬ್ಯಾರೆ ಊರ ಮಂದಿ ಬೇಕು. ಒಂದೇ ಊರೋರಾದ್ರೆ ಸೊಸೈಟಿ ಎಲೆಕ್ಷನ್ ಆದಂಗಾಗ್ತೈತೆ, ಬರೀ ಜಗಳ" ಅಂದರು. ಆದರೆ ಅವರು ನನ್ನ ಅಕ್ಕನ ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಯಾರಾದರೂ ಹೊರಗೆ ಕೊಡುತ್ತಾರೆಯೇ? ಅಕ್ಕನ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಬಾಳೆದಿಂಡಿನ ಸಿಟ್ಟು ಬೇರೆ ಬಾಕಿ ಇತ್ತು. ಮಾವ ವಾದಕ್ಕೆ ಬಿದ್ದರು, "ಒಳಗಿನ ಮಂದಿಗೆ ದೀಪ ಹಚ್ಚಿದ್ದು ಗೊತ್ತಾಗ್ತೈತೇನ್ರೀ?"

"ನಿಮ್ ಒಳಗಿನ ಮಂದಿಗೆ ಗೊತ್ತಾಗದಿದ್ರೆ ಬಿಡ್ರಿ. ನಮ್ಮನಿ ಲಕ್ಷ್ಮಿಗೆ ಗೊತ್ತಾಗ್ತೈತೆ!" ಅಂದರು ಅವರು. ಸಂಶೋಧನೆ ಅಲ್ಲಿಗೆ ಬಾಯಿ ಮುಚ್ಚಿಕೊಂಡು ಜಗಲಿಯ ಮೇಲೆ ಮಲಗಿತು. ಬೆಳಿಗ್ಗೆ ಹೆಪ್ಪು ಸಿಕ್ಕಿತು.

ಆ ವಾರ ನಾನು ಅಂಗಡಿಗೂ ಮನೆಗೂ ಓಡಿ ಓಡಿ ಚಪ್ಪಲಿ ಸವೆಸಿದೆ. ಜೆರಾಕ್ಸ್ ಮಷೀನಿನ ಮುಂದೆ ನಿಂತರೆ ಮನಸ್ಸು ಮಂಚದ ಹತ್ತಿರ, ಮಂಚದ ಹತ್ತಿರ ಹೋದರೆ ಕೈಕಾಲು ನಿಲ್ಲುತ್ತಿರಲಿಲ್ಲ. ಒಬ್ಬರ ಆಧಾರ್ ಕಾರ್ಡಿನ ಮುಂಭಾಗಕ್ಕೆ ಇನ್ನೊಬ್ಬರ ಹಿಂಭಾಗ ಹಾಕಿ ಕೊಟ್ಟು ಬೈಸಿಕೊಂಡೆ. ಇದರ ನಡುವೆ ಬಸ್ಸಿನಿಂದ ಮಾವನ ಫೋನು: "ನವಣಕ್ಕಿ ಗಂಜಿ ಕೊಡು. ಜಗಳೂರಿಂದ ತರ್ತಿದ್ದೀನಿ." ಇನ್ನೊಂದು ಸ್ಟಾಪಿನಲ್ಲಿ ಮತ್ತೆ ಫೋನು: "ಬ್ಯಾಡ ಬ್ಯಾಡ, ಈಗ್ಲೇ ಕೊಡಬ್ಯಾಡ, ಹೊಸಾ ಪೇಪರ್ ಬಂದೈತೆ. ಹೊಟ್ಟಿಗೆ ರೆಸ್ಟ್ ಬೇಕಂತೆ." ರೆಸ್ಟು! ತುತ್ತು ಅನ್ನ ಇಳಿಯದ ಹೊಟ್ಟೆಗೆ ಇನ್ನೆಂಥ ರೆಸ್ಟು? ನನಗೆ ಸಿಟ್ಟು ನೆತ್ತಿಗೇರಿ, "ಮಾವ, ಮೊದಲು ನಿಮ್ಮ ಬಾಯಿಗೆ ರೆಸ್ಟ್ ಕೊಡ್ರಿ!" ಎಂದು ಕೂಗಿಬಿಟ್ಟೆ. ಅಂಗಡಿಯಲ್ಲಿದ್ದ ಗಿರಾಕಿಗಳು ಪಹಣಿ ಬಿಟ್ಟು ಓಡುವುದೊಂದು ಬಾಕಿ. ಅಡಿಗೆಮನೆಯಲ್ಲಿ ಚನ್ನಗಿರಿ, ನ್ಯಾಮತಿ, ಜಗಳೂರು, ಹೊನ್ನಾಳಿಯ ಹೆಪ್ಪುಗಳು ನಾಲ್ಕು ಕುಡಿಕೆಗಳಲ್ಲಿ ಸಾಲಾಗಿ ಕೂತಿದ್ದವು. ಎಲ್ಲವೂ ಚೆನ್ನಾಗಿಯೇ ಮೊಸರಾದವು. ಅವ್ವ ಮಾತ್ರ ಒಂದನ್ನೂ ಮುಟ್ಟಲಿಲ್ಲ.

ಡಾಕ್ಟರಮ್ಮ ಮನೆಗೇ ಬಂದು ನೋಡಿದರು. "ಕಾಯಿಲೆ ಹೋಗಿದೆ. ಈಗ ಇರೋ ಕಾಯಿಲೆ ಅಂದ್ರೆ ಊಟ ಬಿಟ್ಟಿರೋದು. ಮೆತ್ತಗಿರೋದು ಏನಾದ್ರೂ ಸರಿ, ತಿನ್ನಲಿ. ಸೋಮವಾರದ ಒಳಗೆ ಶುರು ಮಾಡದಿದ್ರೆ ಅಡ್ಮಿಟ್ ಮಾಡಿ ಮೂಗಿಗೆ ನಳಿಗೆ ಹಾಕಬೇಕಾಗುತ್ತೆ" ಅಂದರು. ಅವರು ಹೋದ ಮೇಲೆ ಅವ್ವ ತಣ್ಣಗೆ ಅಂದಳು, "ನಳಿಗಿ ಹಾಕಿಸ್ಕಂಡು ಬದುಕಾಕೆ ನಾನೊಲ್ಲೆ. ಸಾಕು ಬಿಡ್ರಿ." ಅವ್ವ ಹಟ ಹಿಡಿದರೆ ಬ್ರಹ್ಮ ಬಂದರೂ ಬಿಡಿಸಲಾರ. ಆವತ್ತು ಶುಕ್ರವಾರ.

ಶನಿವಾರ ಮಾವ ನನ್ನ ಮನೆಯವರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹಿಂದೆಯೇ ಹೋದೆ. "ಮೇಷ್ಟ್ರೇ, ದನ ಮೆಲುಕು ಬಿಟ್ರೆ ನಾವೇನ್ ಮಾಡ್ತಿದ್ವಿ ಗೊತ್ತಾ? ಚೆನ್ನಾಗಿ ಮೇಯೋ ದನದ ಬಾಯಾಗಿಂದ ಒಂದು ಹಿಡಿ ಮೆಲುಕು ಕಸ್ಕಂಡು, ಕಾಯಿಲೆ ದನದ ಬಾಯಿಗೆ ತುರುಕ್ತಿದ್ವಿ. ಇದರ ಮಂದಿ ಅದಕ್ಕೆ ಹೋಗ್ತಿದ್ರು. ಮಾರನೇ ದಿನಕ್ಕೆ ಹುಲ್ಲು ಮೂಸ್ತಿತ್ತು."

ನನ್ನ ಮನೆಯವರ ಮುಖ ಬಿಳಿಚಿತು. "ಮಾವ, ಅತ್ತಿ ದನ ಅಲ್ರೀ."

"ಅದೇ ಕಷ್ಟ ಆಗಿರಾದು. ದನ ಆಗಿದ್ರೆ ಇಷ್ಟೊತ್ತಿಗೆ ವಾಸಿ ಮಾಡ್ತಿದ್ದೆ!"

ಒಂದೇ ತಟ್ಟೆಯಲ್ಲಿ ಉಣ್ಣುವವರ ಒಳಗಿನ ಮಂದಿ ಒಂದೇ ಥರ ಇರುತ್ತಾರೆಂದು ಅವರು ಎಲ್ಲೋ ಓದಿದ್ದರು. ಅಂದರೆ ಅವ್ವನ ತಟ್ಟೆಗೆ ಬೇರೆ ಯಾರಾದರೂ ಕೈಹಾಕಿ ಉಣ್ಣಬೇಕು. ಹೇಳುವುದು ಸುಲಭ! ನಮ್ಮ ಅವ್ವನಿಗೆ ಎಂಜಲು ಎಂದರೆ ಯಾವ ಪರಿ ಅಸಹ್ಯ ಗೊತ್ತೇ? ಲೋಟ ತುಟಿಗೆ ತಾಗಿಸಿದವಳಲ್ಲ, ಎತ್ತಿಯೇ ಕುಡಿಯುವುದು. ನಾವು ಮಕ್ಕಳು ಕಚ್ಚಿದ ಚಕ್ಕುಲಿಯನ್ನು ಡಬ್ಬಕ್ಕೆ ವಾಪಸ್ ಹಾಕಿದರೆ ಇಡೀ ಡಬ್ಬವೇ ಎಮ್ಮೆಯ ಪಾಲು. ಇಂಥವಳ ಗಂಜಿಗೆ ಮಾವ ಶನಿವಾರ ಮಧ್ಯಾಹ್ನ ಏನು ಮಾಡಿದರು ಅಂತೀರಿ? ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು, ಒಂದು ಚಮಚ ತಾವು ಕುಡಿದು, ಅದೇ ಚಮಚವನ್ನು ಬಟ್ಟಲಿಗೆ ಅದ್ದಿ ತಿರುವಿ, ಏನೂ ಆಗದವರ ಹಾಗೆ ಮುಖ ಮಾಡಿಕೊಂಡು ಮಂಚದ ಹತ್ತಿರ ತಂದರು. ಅವ್ವ ಮುಖ ಮಾಡಿ ಮಲಗಿದ್ದ ಗೋಡೆಯಲ್ಲೇ ಕನ್ನಡಿ ಇದೆ ಎಂಬುದು ಈ ಮಹಾ ವಿಜ್ಞಾನಿಗೆ ಹೊಳೆಯಲೇ ಇಲ್ಲ!

"ಲೇ ತಮ್ಮಾ! ಎಂಜಲು ಮಾಡಿದ್ಯೇನೋ? ಥೂ ನಿನ್ನ! ಇಷ್ಟು ವಯಸ್ಸಾತು, ನಾಚ್ಕಿ ಇಲ್ಲ? ತಗೊಂಡೋಗಿ ಚೆಲ್ಲು ಅದನ್ನ!" ಅವ್ವನ ದನಿ ಬೀದಿಗೆ ಕೇಳಿತು. ಅಷ್ಟು ದಿನದಲ್ಲಿ ಅವಳು ಎದ್ದು ಕೂತದ್ದೇ ಅದು ಮೊದಲು. ಮಾವನಿಗೆ ಬೈಗುಳ ತಾಗಲೇ ಇಲ್ಲ. "ದನಿ ಬಂತು! ದನಿ ಬಂತು ಕಣವ್ವ!" ಎಂದು ಬಟ್ಟಲು ಹಿಡಿದುಕೊಂಡೇ ಅಂಗಳದಲ್ಲಿ ಕುಣಿದಾಡಿದರು. ದನಿಯೇನೋ ಬಂತು. ಊಟ ಮಾತ್ರ ಇಳಿಯಲಿಲ್ಲ. ಆ ಸಿಟ್ಟಿಗೆ ಸಂಜೆ ನೀರನ್ನೂ ಅರ್ಧಕ್ಕೇ ಬಿಟ್ಟಳು.

ಭಾನುವಾರ ಬಂತು. ನಾಳೆಗೆ ಆಸ್ಪತ್ರೆಗೆ ಹೋಗಲು ನಾನು ಅವ್ವನ ಸೀರೆ, ಹೊದಿಕೆ ಚೀಲಕ್ಕೆ ತುಂಬುತ್ತಿದ್ದೆ. ಬೆಳಿಗ್ಗೆ ನ್ಯಾಮತಿಗೆ ಹೋಗಿ ಮಧ್ಯಾಹ್ನಕ್ಕೆ ಮರಳಿದ ಮಾವ ಒಳಗೆ ಬಂದವರೇ ಅವ್ವನ ಮಂಚದ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

ಕೂತರು! ನನ್ನ ಕೈಯಲ್ಲಿದ್ದ ಸೀರೆ ಜಾರಿತು. ಡಾಕ್ಟರಮ್ಮನ ಮಾತಿಗೆ ಆಗದ ಹೆದರಿಕೆ ನನಗೆ ಆಗ ಆಯಿತು. "ಯಾಕ್ ಮಾವ, ಹೊಸಾ ಪೇಪರ್ ಇಲ್ವಾ?" ಎಂದು ಕೇಳಿದೆ. ತಮಾಷೆ ಮಾಡಲು ನೋಡಿದ್ದು.

"ಐತೆ. ಬಸ್ನಾಗೆ ಓದ್ದೆ." ಅವರು ನನ್ನ ಮುಖ ನೋಡಿದರು. ಹೊಟ್ಟೆಯನ್ನಲ್ಲ, ಮುಖವನ್ನು. "ಎಲ್ಲಾ ಪೇಪರ್ ಕೊನಿಗೂ ಅದನ್ನೇ ಬರೀತಾರೆ ಕಣವ್ವ, ಇನ್ನೂ ಅಧ್ಯಯನ ಆಗಬೇಕು ಅಂತ. ಆಗ್ಲಿ ಬಿಡು, ಒಳ್ಳೇದು. ಆದ್ರೆ ನಮ್ಮಕ್ಕಂಗೆ ಅಷ್ಟು ಟೈಮ್ ಎಲ್ಲೈತೆ?"

ಅವರ ಕಣ್ಣು ತುಂಬಿತ್ತು. ಮಾವ ಹಸುಗೂಸಾಗಿದ್ದಾಗಲೇ ನಮ್ಮ ಅಜ್ಜಿ ತೀರಿಹೋಗಿದ್ದಳು. ಎತ್ತಿ ಆಡಿಸಿ ಬೆಳೆಸಿದವಳು ಅವ್ವನೇ, ತಾನೂ ಇನ್ನೂ ಲಂಗ ಉಟ್ಟು ಓಡಾಡುವ ಹುಡುಗಿ ಆಗ. ಅವರಿಗೆ ಅಕ್ಕ ಎಂದರೂ ಅವಳೇ, ಅವ್ವ ಎಂದರೂ ಅವಳೇ. ಇಷ್ಟು ದಿನ ನಾಲ್ಕೂರು ಸುತ್ತಿದ್ದು ಸಂಶೋಧನೆಯ ಹುಚ್ಚಿಗೆ ಎಂದುಕೊಂಡಿದ್ದೆ. ಆ ಮನುಷ್ಯನಿಗೆ ಹೆದರಿಕೆಯಾಗಿತ್ತು. ಕೂತರೆ ಅಳು ಬರುತ್ತದೆಂದು ಓಡಾಡುತ್ತಿದ್ದರು.

ಮಾವ ಅಂಗಿಯ ಜೇಬಿನಿಂದ ಒಂದು ಪೇರಲ ಹಣ್ಣು ತೆಗೆದರು. ಚೆನ್ನಾಗಿ ಮಾಗಿ ಮೆತ್ತಗಾಗಿತ್ತು, ಕೋಣೆ ತುಂಬಾ ವಾಸನೆ. ಹೆಗಲ ಮೇಲಿನ ಟವೆಲ್ಲಿನ ಚುಂಗಿನಲ್ಲಿ ಅದನ್ನು ಸುತ್ತಿ ಬಾಯಿಗೆ ಹಿಡಿದರು. ನನಗೆ ತಕ್ಷಣ ಗೊತ್ತಾಯಿತು. ಗುಬ್ಬಿ ಎಂಜಲು! ಚಿಕ್ಕಂದಿನಲ್ಲಿ ನಾವೆಲ್ಲ ಮಾಡಿದವರೇ ಅಲ್ಲವೇ? ಒಂದು ಹಣ್ಣು, ಒಂದು ಪೆಪ್ಪರ್‌ಮಿಂಟು ಇಬ್ಬರಿಗೆ ಆಗಬೇಕೆಂದರೆ ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ ಮುರಿಯುವುದು. ಬಾಯಿ ತಾಗಿದ್ದು ಬಟ್ಟೆಗೆ, ಹಣ್ಣಿಗಲ್ಲ, ಆದ್ದರಿಂದ ಎಂಜಲಿಲ್ಲ.

"ಅಕ್ಕ, ಇಲ್ನೋಡು. ಗುಬ್ಬಿ ಎಂಜಲು. ನೀನೇ ಕಲಿಸಿದ್ದು" ಎಂದು ಮಾವ ಬಲವಾಗಿ ಕಚ್ಚಿದರು. ಕಚ್ಚಿ ಎಳೆದರು. ಹಣ್ಣೇನೋ ಮುರಿಯಿತು. ಆದರೆ ಟವೆಲ್ಲು ಬಾಯಿಂದ ಈಚೆ ಬರುವಾಗ ಒಂಟಿಯಾಗಿ ಬರಲಿಲ್ಲ. ಅವರ ಹಲ್ಲಿನ ಸೆಟ್ಟನ್ನೂ ಕಚ್ಚಿಸಿಕೊಂಡೇ ಬಂತು!

ಅವ್ವ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. ಬೊಚ್ಚು ಬಾಯಿಯ ತಮ್ಮನನ್ನು ನೋಡಿದಳು, ಟವೆಲ್ಲಿನಲ್ಲಿ ಹಲ್ಲು ಕಿರಿದುಕೊಂಡು ಕೂತ ಸೆಟ್ಟನ್ನು ನೋಡಿದಳು. ಅವಳ ಹೊಟ್ಟೆ ಕುಲುಕಲು ಶುರುವಾಯಿತು. ನಕ್ಕಳು! ಕೆಮ್ಮು ಬರುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಬೆನ್ನು ನೀವಲು ಓಡಿದೆ. ಮಾವ ಮುಖ ಕೆಂಪಗೆ ಮಾಡಿಕೊಂಡು, ಸೆಟ್ಟನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು, ಹಣ್ಣಿನ ಇನ್ನೊಂದು ಚೂರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲು ನೋಡಿದರು.

"ಬಟ್ಟಿ ಬ್ಯಾಡ ಬಿಡೋ" ಅಂದಳು ಅವ್ವ.

"ಎಂಜಲಾಗ್ತೈತೆ ಅಕ್ಕ."

"ನಿಂದು ನನಗೆಂಥಾ ಎಂಜಲೋ?" ಅವ್ವ ಏದುಸಿರು ಬಿಡುತ್ತಾ ಹೇಳಿದಳು. "ಅವ್ವ ಹೋದಾಗ ನಿನಗಿನ್ನೂ ಹಲ್ಲು ಬಂದಿರ್ಲಿಲ್ಲ. ಹಸುವಿನ ಹಾಲು ಒಗ್ಗದೆ ಕಕ್ತಿದ್ದಿ. ರೊಟ್ಟಿ ನಾನು ಜಗಿದು ಜಗಿದು, ನುಣ್ಣಗೆ ಮಾಡಿ, ನಿನ್ನ ಬಾಯಿಗೆ ಇಡ್ತಿದ್ದೆ. ಯಾರಿಗೂ ಹೇಳಿಲ್ಲ. ನೋಡಿದೋರು ಆಡ್ಕಂತಾರೆ ಅಂತ ಕಣಜದ ಹಿಂದೆ ಕುಂತು ತಿನ್ನಿಸ್ತಿದ್ದೆ. ನನ್ನ ಎಂಜಲು ತಿಂದು ಬೆಳೆದೋನು ನೀನು. ಈಗ ಬಟ್ಟಿ ಸುತ್ತಾಕೆ ಬಂದಾನೆ."

ಮಾವನ ಫೋನು ಜೇಬಿನಲ್ಲೇ ಇತ್ತು, ಪ್ರಿಂಟುಗಳು ಚೀಲದಲ್ಲೇ ಇದ್ದವು. ಒಂದನ್ನೂ ತೆಗೆಯಲಿಲ್ಲ. ಟವೆಲ್ಲನ್ನು ಪಕ್ಕಕ್ಕೆ ಎಸೆದು, ಹಣ್ಣಿನ ಮೆತ್ತನೆಯ ತಿರುಳನ್ನು ತಮ್ಮ ಬೋಳು ವಸಡಿನಿಂದಲೇ ಕಚ್ಚಿ ಮುರಿದು, ಬೆರಳಲ್ಲಿ ಹಿಡಿದು ಅವಳ ಬಾಯಿಯ ಹತ್ತಿರ ತಂದರು. ಮೂಗು, ಕಣ್ಣು ಎಲ್ಲಾ ಸೋರುತ್ತಿತ್ತು.

"ಹಂಗಾದ್ರೆ ನನ್ನೊಳಗಿರೋರೆಲ್ಲಾ ನಿನ್ನ ಮಂದೀನೇ ಅಕ್ಕ" ಅಂದರು. "ಇಷ್ಟು ವರ್ಷ ಇಟ್ಕಂಡಿದ್ದೆ. ತಗಾ, ನಿನ್ನೋರು ನಿನ್ನ ಮನಿಗೆ ಬರ್ತಾವ್ರೆ."

ಅವ್ವ ಬಾಯಿ ತೆರೆದಳು.